ಪ್ಯಾರಿಸ್ಸಿನ ಕಛೇರಿ, ಸಿನ್ಸಿನಾಟಿಯ ಹುಡುಗರು

ಸಿನ್ಸಿನಾಟಿ ಎಂದರೆ ನಮ್ಮ ಕಡೆಯವರಿಗೆ ಹೆಚ್ಚೇನೂ ಹೊಳೆಯುವುದಿಲ್ಲ. ನ್ಯೂಯಾರ್ಕ್, ಷಿಕಾಗೊ ಅಂದರೆ ಅಜ್ಜಿಯಂದಿರಿಗೂ ಗೊತ್ತು. ಸಿನ್ಸಿನಾಟಿಗೆ ಓದಲು ಹೊರಟಿದ್ದೇನೆ ಅಂದಾಗ ನಮ್ಮ ಬೀದಿಯವರೆಲ್ಲ ಊರಿನ ಹೆಸರನ್ನು ಎರಡೆರಡು ಸಲ ಹೇಳಿಸಿಕೊಂಡು, ‘ಹೋಗ್ಲಿ ಬಿಡು, ಅಮೆರಿಕಾ ತಾನೆ’ ಎಂದು ಸಮಾಧಾನಪಟ್ಟುಕೊಂಡಿದ್ದರು. ಒಹಾಯೊ ನದಿಯ ದಂಡೆಯಲ್ಲಿ ಗುಡ್ಡ ಹತ್ತಿ ಇಳಿದು ಹರಡಿಕೊಂಡಿರುವ ಊರು ಅದು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಿಂದಾಗಿ ಸೋಪಿನ ಊರು ಅಂತಲೂ ಹೇಳಬಹುದು. ತೊಂಬತ್ತರ ದಶಕದ ಶುರುವಿನಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿದ್ದ ನಾವೊಂದಿಷ್ಟು ಕನ್ನಡದ ಹುಡುಗರಿಗೆ ಅದು ಫಂಕ್ ಸಂಗೀತದ ಊರೂ ಹೌದು ಎಂದು ಗೊತ್ತಾದದ್ದು ವಿಚಿತ್ರ ರೀತಿಯಲ್ಲಿ. ಆರೂವರೆ ಸಾವಿರ ಕಿಲೋಮೀಟರ್ ದೂರದ ಪ್ಯಾರಿಸ್ಸಿನಲ್ಲಿ ರೆಕಾರ್ಡ್ ಆಗಿ, ಇಪ್ಪತ್ತೊಂದು ವರ್ಷ ಪೆಟ್ಟಿಗೆಯೊಳಗೆ ಬಿದ್ದಿದ್ದು, ಆಗಷ್ಟೇ ಹೊರಗೆ ಬಂದಿದ್ದ ಒಂದು ಸಿಡಿಯಿಂದ.

ಫಂಕ್ ಗಾಯಕ ಜೇಮ್ಸ್ ಬ್ರೌನ್‌ನ ತಂಡ 1971ರ ಮಾರ್ಚ್ 8ರಂದು ಪ್ಯಾರಿಸ್ಸಿನ ಒಲಿಂಪಿಯಾ ಸಭಾಂಗಣದಲ್ಲಿ ಕೊಟ್ಟ ಕಛೇರಿ ಅದು. ಆಲ್ಬಮ್ಮಿನ ಹೆಸರು ‘ಲವ್ ಪವರ್ ಪೀಸ್’. 1992ರಲ್ಲಿ ಪಾಲಿಡೋರ್ ಕಂಪನಿ ಅದನ್ನು ಸಿಡಿಯಾಗಿ ತಂದಿತು. ಆ ಸಿಡಿ ನಮ್ಮ ಮನೆಗೆ ಬಂದ ಬಗೆ ಹೇಳಬೇಕಾದರೆ ಮೊದಲು ಆ ಮನೆಯ ಬಗ್ಗೆ ಎರಡು ಮಾತು ಹೇಳಬೇಕು.

ಕ್ಲಿಫ್ಟನ್ ಬಡಾವಣೆಯಲ್ಲಿ, ಲಡ್ಲೊ ಅವೆನ್ಯೂವಿನಿಂದ ಸ್ವಲ್ಪ ಒಳಗೆ ಮರದ ನೆಲದ ಒಂದು ಹಳೇ ಮನೆ. ಮೇಲ್ಮಹಡಿಯಲ್ಲಿ ನಾವು ನಾಲ್ವರು. ಮೈಸೂರಿನವನು, ಹುಬ್ಬಳ್ಳಿಯವನು, ತೀರ್ಥಹಳ್ಳಿ ಕಡೆಯವನು ಮತ್ತು ನಾನು. ಅಲ್ಲಿ ನಮ್ಮ ನಮ್ಮ ಊರೇ ನಮ್ಮ ಹೆಸರಾಗಿತ್ತು. ಕೆಳಗಿನ ಮನೆಯಲ್ಲಿ ಮಂಗಳೂರಿನ ದಂಪತಿ. ಅವರ ಮನೆಯ ಒಗ್ಗರಣೆ ನಮಗೆ ಅಲಾರಂ ಇದ್ದ ಹಾಗೆ. ಊರಿಗೆ ಫೋನ್ ಮಾಡಿದರೆ ನಿಮಿಷಕ್ಕೆ ಡಾಲರ್‌ಗಟ್ಟಲೆ ಸುರಿಯಬೇಕಿದ್ದ ಕಾಲ. ನೀಲಿ ಏರೋಗ್ರಾಮಿನಲ್ಲೇ ಕ್ಷೇಮಸಮಾಚಾರ. ಯಾರಾದರೂ ಊರಿಂದ ಬಂದರೆ ಅವರ ಸೂಟ್‌ಕೇಸ್ ತೆರೆಯುವಾಗ ಎಲ್ಲರೂ ಸುತ್ತ ಕೂರುತ್ತಿದ್ದೆವು. ಹುಳಿಪುಡಿ, ಚಟ್ನಿಪುಡಿ, ನಾಲ್ಕೈದು ಹಳೇ ‘ಸುಧಾ’, ‘ತರಂಗ’. ತಿಂಡಿ ಮೊದಲೋ ವಾರಪತ್ರಿಕೆ ಮೊದಲೋ ಎಂಬುದಕ್ಕೆ ಜಗಳ.

ಮನೆಯಲ್ಲಿ ಕ್ಯಾಸೆಟ್ಟುಗಳಿಗೆ ಬರವಿರಲಿಲ್ಲ. ರಾಜ್‌ಕುಮಾರ್ ಹಾಡುಗಳು, ‘ಪ್ರೇಮಲೋಕ’ದಿಂದ ಹಿಡಿದು ಹಂಸಲೇಖ ಅವರ ಅಲ್ಲಿಯವರೆಗಿನ ಹಿಟ್‌ಗಳು, ಮತ್ತೆ ಮೈಸೂರಿನವನ ಸ್ವಂತ ಖಜಾನೆ. ಅವನು ಏಳೆಂಟು ವರ್ಷ ಮೃದಂಗ ಕಲಿತವನು. ರಾಮನವಮಿ ಪೆಂಡಾಲುಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು, ತೊಡೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ತುಂಬಿಸಿದ ಕಛೇರಿಗಳು ಒಂದು ಶೂ ಡಬ್ಬಿಯ ತುಂಬ. ಹಾಡಿನ ಮಧ್ಯೆ ಯಾರೋ ಕೆಮ್ಮುವುದು, ಕಡಲೆಪುರಿ ಪೊಟ್ಟಣ ಬಿಚ್ಚುವ ಸದ್ದು, ಹೊರಗೆ ಆಟೋ ಹೋಗುವುದು ಎಲ್ಲ ಅದರಲ್ಲಿ ಕೇಳಿಸುತ್ತಿತ್ತು. ‘ಇದೇ ಕಣೋ ಲೈವ್’ ಎನ್ನುತ್ತಿದ್ದ.

ಸಿಡಿ ಪ್ಲೇಯರ್ ತಂದವನು ಹುಬ್ಬಳ್ಳಿಯವನು. ಕ್ಯಾಂಪಸ್ಸಿನ ಕೆಫೆಟೇರಿಯಾದಲ್ಲಿ ತಟ್ಟೆ ತೊಳೆದ ದುಡ್ಡು ಅದು. ಪ್ಲೇಯರ್ ಕೊಂಡ ಮೇಲೆ ಸಿಡಿಗೆ ದುಡ್ಡು ಉಳಿಯದೆ, ಸೆಕೆಂಡ್ ಹ್ಯಾಂಡ್ ಅಂಗಡಿಯ ಅಗ್ಗದ ಡಬ್ಬಿಯಲ್ಲಿ ಕೈಹಾಕಿ ಇದನ್ನು ಎತ್ತಿಕೊಂಡು ಬಂದ. ಕಾರಣ ಕೇಳಿದರೆ, ‘ಮೈಕೆಲ್ ಜಾಕ್ಸನ್‌ನ ಗುರು ಅಂತ ಲೇ ಇಂವಾ’ ಅಂದ. ಅದು ನಿಜವೂ ಹೌದು. ತನ್ನ ಕುಣಿತದ ಮೂಲ ಜೇಮ್ಸ್ ಬ್ರೌನ್ ಎಂದು ಜಾಕ್ಸನ್ ಎಷ್ಟೋ ಸಲ ಹೇಳಿದ್ದಾನೆ. 2006ರಲ್ಲಿ ಬ್ರೌನ್ ತೀರಿಕೊಂಡಾಗ ಆಗಸ್ಟಾದಲ್ಲಿ ನಡೆದ ಅಂತಿಮ ದರ್ಶನಕ್ಕೆ ಬಂದು ಗುರುವಿನ ಹಣೆಗೆ ಮುತ್ತಿಟ್ಟ.

ಮೊದಲ ಸಲ ಕೇಳಿದಾಗ ನಮಗೆ ಮಾತು ಒಂದೂ ಅರ್ಥವಾಗಲಿಲ್ಲ ಎನ್ನಬಹುದು. ಕೂಗು, ಗೊರಕೆಯಂಥ ಸದ್ದು, ಕಿರುಚಾಟ, ನಡುವೆ ತಂಡದವರಿಗೆ ಆಜ್ಞೆಗಳು. ಆದರೆ ಎರಡನೇ ಹಾಡಿಗೇ ಹುಬ್ಬಳ್ಳಿಯವನು ಎದ್ದು ನಿಂತ. ‘ಕಾಲ್ ಸುಮ್ನ ನಿಂದ್ರವಲ್ಲವು ನೋಡು’ ಅಂದ. ಮರದ ನೆಲ ಧಡಧಡ ಅನ್ನತೊಡಗಿ ಕೆಳಗಿನ ಮನೆಯ ಮಂಗಳೂರಿನಾಕೆ ಸೌಟಿನಿಂದ ತಾರಸಿ ತಟ್ಟಿದರು. ಆ ಸದ್ದೂ ತಾಳಕ್ಕೆ ಸರಿಯಾಗಿ ಕೂತಿತು ಎಂದು ಮೈಸೂರಿನವನು ಇಂದಿಗೂ ಹೇಳುತ್ತಾನೆ.

ಬೇಸಿಗೆಯಲ್ಲಿ ಕಿಟಕಿ ತೆರೆದು ಹಾಕಿದಾಗ ಎದುರು ಮನೆಯ ಹಿರಿಯರಿಗೆ ಅದು ಕೇಳಿಸಿತು. ಸಿಟಿ ಬಸ್ ಓಡಿಸಿ ನಿವೃತ್ತರಾಗಿದ್ದ ಕರಿಯ ಜನಾಂಗದ ಮನುಷ್ಯ. ಅಲ್ಲಿಯವರೆಗೆ ನಮ್ಮ ಸಂಬಂಧ ಕೈ ಬೀಸುವುದು, ಹಿಮ ಬಿದ್ದಾಗ ಸಲಿಕೆ ಎರವಲು ಪಡೆಯುವುದು ಇಷ್ಟಕ್ಕೇ ಇತ್ತು. ಅವತ್ತು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತು, ‘ಇದು ಯಾವ ರೆಕಾರ್ಡು? ಈ ಹಾಡೆಲ್ಲ ನನ್ನ ಹತ್ತಿರ ಇದೆ, ಹೀಗೆ ನುಡಿಸಿದ್ದನ್ನು ಮಾತ್ರ ಕೇಳಿಲ್ಲ’ ಎಂದರು. ಒಳಗೆ ಕರೆದು ಕೂರಿಸಿ ಚಿತ್ರಾನ್ನ ಕೊಟ್ಟೆವು. ಅವರು ಸಿಡಿಯ ಜತೆಗಿದ್ದ ಪುಸ್ತಿಕೆಯನ್ನು ಕನ್ನಡಕದ ಹತ್ತಿರ ಹಿಡಿದು ಓದಿದರು. ದಿನಾಂಕ ನೋಡಿದವರೇ ಜೋರಾಗಿ ನಕ್ಕರು. ‘ಮಾರ್ಚ್ ಎಂಟು! ಅವತ್ತು ನಾನು ಅಲಿ ಮೇಲೆ ದುಡ್ಡು ಕಟ್ಟಿ ಕಳೆದುಕೊಂಡೆ.’

ಹೌದು, ಅದೇ ದಿನ. ಪ್ಯಾರಿಸ್ಸಿನಲ್ಲಿ ಬ್ರೌನ್ ಕಛೇರಿ ನಡೆಸಿದ ರಾತ್ರಿಯೇ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ನಡುವಿನ ಮೊದಲ ಕಾಳಗ. ಹದಿನೈದನೇ ಸುತ್ತಿನಲ್ಲಿ ಫ್ರೇಜಿಯರ್‌ನ ಎಡಗೈ ಹೊಡೆತಕ್ಕೆ ಅಲಿ ನೆಲಕ್ಕೆ ಬಿದ್ದು ಎದ್ದ. ಮೂವರು ತೀರ್ಪುಗಾರರೂ ಫ್ರೇಜಿಯರ್ ಕಡೆಗೇ ಕೊಟ್ಟರು. ವಿಯೆಟ್ನಾಂ ಯುದ್ಧಕ್ಕೆ ಹೋಗಲಾರೆ ಎಂದು ಮೂರೂವರೆ ವರ್ಷ ಬಾಕ್ಸಿಂಗ್ ಕಳೆದುಕೊಂಡಿದ್ದ ಅಲಿಯ ಸೋಲು ಕರಿಯರ ಬೀದಿಗಳಿಗೆಲ್ಲ ಸೂತಕ. ನಮ್ಮ ಎದುರು ಮನೆಯವರಿಗೆ ಇಪ್ಪತ್ತು ವರ್ಷ ಕಳೆದರೂ ಆ ಬೇಜಾರು ಹೋಗಿರಲಿಲ್ಲ. ‘ಅವತ್ತು ಪ್ಯಾರಿಸ್ಸಿನಲ್ಲಿ ಇದು ನಡೀತಿತ್ತು ಅಂತ ಗೊತ್ತಿದ್ದರೆ ಅಲ್ಲಿಗೇ ಹೋಗ್ತಿದ್ದೆ’ ಎಂದರು.

ಆಮೇಲೆ ಪುಸ್ತಿಕೆಯಲ್ಲಿನ ಒಂದು ಹೆಸರಿನ ಮೇಲೆ ಬೆರಳಿಟ್ಟರು. ವಿಲಿಯಂ ‘ಬೂಟ್ಸಿ’ ಕಾಲಿನ್ಸ್, ಬೇಸ್ ಗಿಟಾರ್. ‘ಇವನು ನಮ್ಮೂರ ಹುಡುಗ.’

ಅವರಿಂದ ಕೇಳಿದ್ದು, ಆಮೇಲೆ ಲೈಬ್ರರಿಯಲ್ಲಿ ಓದಿದ್ದು ಎರಡನ್ನೂ ಸೇರಿಸಿದರೆ ಕತೆ ಹೀಗೆ. ಬೂಟ್ಸಿ ಸಿನ್ಸಿನಾಟಿಯಲ್ಲಿ 1951ರಲ್ಲಿ ಹುಟ್ಟಿದವನು. ಅಣ್ಣ ಫೆಲ್ಪ್ಸ್ ಕಾಲಿನ್ಸ್ ಗಿಟಾರ್ ನುಡಿಸುತ್ತಿದ್ದ. ಎಲ್ಲರೂ ಕರೆಯುತ್ತಿದ್ದದ್ದು ‘ಕ್ಯಾಟ್‌ಫಿಷ್’ ಎಂದು. ಅಣ್ಣನ ತಂಡದಲ್ಲಿ ಬೇಸ್ ನುಡಿಸುವವರಿಲ್ಲ ಎಂದಾಗ, ತಮ್ಮ ತನ್ನ ಅಗ್ಗದ ಗಿಟಾರಿಗೇ ಬೇಸ್ ತಂತಿ ಬಿಗಿದು ಹೊರಟ. ಪೇಸ್‌ಮೇಕರ್ಸ್ ಎಂಬ ಹೆಸರಿನಲ್ಲಿ ಈ ಹುಡುಗರು ಊರಿನ ಕ್ಲಬ್ಬುಗಳಲ್ಲಿ ನುಡಿಸುತ್ತ, ಊರಿನ ಕಿಂಗ್ ರೆಕಾರ್ಡ್ಸ್ ಸ್ಟುಡಿಯೋದಲ್ಲಿ ಕೈಗೆ ಸಿಕ್ಕ ಕೆಲಸ ಮಾಡುತ್ತಿದ್ದರು. ಬ್ರೌನ್‌ನ ಹಾಡುಗಳು ಬರುತ್ತಿದ್ದದ್ದೂ ಆ ಕಂಪನಿಯಿಂದಲೇ.

1970ರ ಮಾರ್ಚ್‌ನಲ್ಲಿ ಜಾರ್ಜಿಯಾದ ಕೊಲಂಬಸ್‌ನಲ್ಲಿ ಕಛೇರಿ. ಸ್ಯಾಕ್ಸೊಫೋನಿನ ಮೇಸಿಯೊ ಪಾರ್ಕರ್ ಮೊದಲಾಗಿ ಬ್ರೌನ್‌ನ ಹಳೇ ತಂಡದವರು ಸಂಬಳ ಸರಿಯಾಗಬೇಕು, ನಡೆಸಿಕೊಳ್ಳುವ ರೀತಿ ಬದಲಾಗಬೇಕು, ಇಲ್ಲದಿದ್ದರೆ ವೇದಿಕೆ ಹತ್ತುವುದಿಲ್ಲ ಎಂದು ಪಟ್ಟು ಹಿಡಿದರು. ಬ್ರೌನ್ ಶಿಸ್ತಿನ ಹೆಸರಿನಲ್ಲಿ ದಂಡ ಹಾಕುವವನು. ಸ್ವರ ತಪ್ಪಿದರೆ ದಂಡ, ಬೂಟಿಗೆ ಪಾಲಿಷ್ ಇಲ್ಲದಿದ್ದರೆ ದಂಡ. ಹಾಡುತ್ತ ಕುಣಿಯುತ್ತಲೇ ಬೆರಳೆಣಿಸಿ ದಂಡದ ಮೊತ್ತ ತೋರಿಸುತ್ತಿದ್ದ. ಹಳಬರ ಬೇಡಿಕೆಗೆ ಬಗ್ಗುವ ಬದಲು, ಜತೆಗಾರ ಬಾಬಿ ಬರ್ಡ್‌ಗೆ ಹೇಳಿ ತನ್ನ ಜೆಟ್ ವಿಮಾನದಲ್ಲಿ ಸಿನ್ಸಿನಾಟಿಯ ಹುಡುಗರನ್ನು ಕರೆಸಿದ. ಹುಡುಗರು ಸಭಾಂಗಣಕ್ಕೆ ಕಾಲಿಟ್ಟಾಗ ಜನ ತಡವಾಯಿತೆಂದು ಕೂಗುತ್ತಿದ್ದರು. ರಿಹರ್ಸಲ್ ಇಲ್ಲ, ಏನಿಲ್ಲ. ಹಳಬರು ಇಳಿದರು, ಹುಡುಗರು ಹತ್ತಿದರು. ಬೂಟ್ಸಿಗೆ ಆಗ ಹದಿನೆಂಟು.

ಮುಂದಿನ ತಿಂಗಳೇ, ಏಪ್ರಿಲ್ 25ರಂದು, ನ್ಯಾಷ್‌ವಿಲ್‌ನಲ್ಲಿ ‘ಸೆಕ್ಸ್ ಮಷೀನ್’ ಧ್ವನಿಮುದ್ರಣ. ಆ ಹಾಡು ಹಿಡಿದಿಡಲು ರಾನ್ ಲೆನ್‌ಹಾಫ್ ಎಂಬ ಎಂಜಿನಿಯರ್ ಸಿನ್ಸಿನಾಟಿಯಿಂದ ಕಾರು ಓಡಿಸಿಕೊಂಡು ಹೋದ. ಹಾಡಿನ ಕರ್ತೃಗಳ ಪಟ್ಟಿಯಲ್ಲಿ ಬ್ರೌನ್ ಮತ್ತು ಬರ್ಡ್ ಜತೆ ಅವನ ಹೆಸರೂ ಇದೆ. ತಂಡಕ್ಕೆ ಜೆ.ಬಿ.ಸ್ ಎಂಬ ಹೆಸರು ಬಂತು. ವರ್ಷದ ಕೊನೆಯ ಹೊತ್ತಿಗೆ ನೈಜೀರಿಯಾಕ್ಕೆ ಹೋಗಿ ಅಲ್ಲಿ ಫೆಲಾ ಕುಟಿಯ ಸಂಗೀತವನ್ನೂ ಕೇಳಿಕೊಂಡು ಬಂದರು. ಅದಾದ ಮೇಲೆ ಪ್ಯಾರಿಸ್.

ಈ ರೆಕಾರ್ಡಿಂಗ್ ಅಪರೂಪದ್ದು ಎನ್ನಲು ಇನ್ನೊಂದು ಕಾರಣವಿದೆ. 1970ರಲ್ಲಿ ಬಂದ ‘ಸೆಕ್ಸ್ ಮಷೀನ್’ ಜೋಡಿ ಎಲ್‌ಪಿಯನ್ನು ಲೈವ್ ಎಂದೇ ಮಾರಿದರು. ಅದರಲ್ಲಿ ಈ ಹುಡುಗರು ನುಡಿಸಿದ ಭಾಗ ಸ್ಟುಡಿಯೋದ್ದು; ಚಪ್ಪಾಳೆ, ಕೇಕೆ ಎಲ್ಲ ಮೇಲಿಂದ ಹಚ್ಚಿದ್ದು. ನಿಜಕ್ಕೂ ಲೈವ್ ಆದ ಭಾಗ 1969ರಲ್ಲಿ ಆಗಸ್ಟಾದಲ್ಲಿ ಹಳೇ ತಂಡ ನುಡಿಸಿದ್ದು. ಬೂಟ್ಸಿ, ಕ್ಯಾಟ್‌ಫಿಷ್ ಇದ್ದ ತಂಡದ ಪೂರ್ತಿ ಕಛೇರಿಯೊಂದು ಆಲ್ಬಮ್ಮಾಗಿ ಉಳಿದದ್ದು ಪ್ಯಾರಿಸ್ಸಿನದ್ದೇ.

ಮೈಸೂರಿನವನಿಗೆ ಮೊದಮೊದಲು ಇದು ರುಚಿಸಲಿಲ್ಲ. ‘ರಾಗ ಎಲ್ಲಿದೆ? ಒಂದೇ ಸ್ವರದ ಮೇಲೆ ಹತ್ತು ನಿಮಿಷ ಕೂತಿದ್ದಾನಲ್ಲ’ ಎಂದು ಗೊಣಗುತ್ತಿದ್ದ. ಆಮೇಲೊಂದು ಸಂಜೆ, ಟೀ ಲೋಟ ಹಿಡಿದು ಕೂತವನು ತನಗರಿವಿಲ್ಲದೆ ತೊಡೆಯ ಮೇಲೆ ತಾಳ ಹಾಕತೊಡಗಿದ. ಸ್ವಲ್ಪ ಹೊತ್ತಾದ ಮೇಲೆ ಲೋಟ ಕೆಳಗಿಟ್ಟು, ‘ಇವರಿಗೆ ಸಮ ಅಂದರೆ ಪ್ರಾಣ ಕಣೋ’ ಅಂದ. ಅಲ್ಲಿಂದ ನಮ್ಮೆಲ್ಲರಿಗೂ ಕಿವಿ ತೆರೆಯಿತು.

ಅವನು ಹಿಡಿದದ್ದು ಸರಿಯಾಗಿತ್ತು. ಹಳೆಯ ರಿದಂ ಅಂಡ್ ಬ್ಲೂಸ್‌ನಲ್ಲಿ ನಾಲ್ಕು ಎಣಿಕೆಯ ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಒತ್ತು. ಬ್ರೌನ್ 1965ರ ‘ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್’ ಹೊತ್ತಿಗೆ ಆ ಭಾರವನ್ನು ಮೊದಲ ಪೆಟ್ಟಿನ ಮೇಲೆ ತಂದಿಟ್ಟ. 1967ರ ‘ಕೋಲ್ಡ್ ಸ್ವೆಟ್’ನಲ್ಲಿ ಅದು ಪೂರ್ತಿ ಗಟ್ಟಿಯಾಯಿತು. ಇದಕ್ಕೆ ಅವರ ನಡುವೆ ‘ದ ಒನ್’ ಎಂದು ಹೆಸರು. ಒಂದರ ಮೇಲೆ ಎಲ್ಲರೂ ಒಟ್ಟಿಗೆ ಬಂದು ಕೂಡಬೇಕು. ಅದಾದ ಮೇಲೆ ಮುಂದಿನ ಒಂದು ಬರುವ ತನಕ ಯಾರು ಎಲ್ಲಿ ಬೇಕಾದರೂ ಓಡಾಡಬಹುದು. ಮಾಧುರ್ಯದ ಏರಿಳಿತಕ್ಕೆ ಇಲ್ಲಿ ಎರಡನೇ ಸ್ಥಾನ. ಗಿಟಾರ್ ತಂತಿಯನ್ನು ಎಡಗೈಯಿಂದ ಅರ್ಧ ಒತ್ತಿ, ನಾದ ಬೆಳೆಯಲು ಬಿಡದೆ ಚಕಚಕ ಕತ್ತರಿಸುತ್ತಾರೆ. ತುತ್ತೂರಿ, ಟ್ರಾಂಬೋನ್, ಸ್ಯಾಕ್ಸೊಫೋನ್‌ಗಳು ಹಾಡುವ ಬದಲು ಪೆಟ್ಟು ಕೊಡುತ್ತವೆ. ಇಡೀ ತಂಡವೇ ಒಂದು ತಾಳವಾದ್ಯ. ಅದರ ನಡುವೆ ಹಾಡುವ ದನಿ ಇರುವುದು ಬೇಸ್ ಗಿಟಾರ್ ಒಂದಕ್ಕೇ.

ಬೂಟ್ಸಿಯದ್ದು ಚೇಷ್ಟೆಯ ಕೈ. ಮೊದಲ ಪೆಟ್ಟಿಗೆ ನ್ಯಾಯ ಸಲ್ಲಿಸಿ, ಉಳಿದ ಜಾಗದಲ್ಲಿ ಜಾರುತ್ತಾನೆ, ಜಿಗಿಯುತ್ತಾನೆ, ಒಮ್ಮೊಮ್ಮೆ ಸುಮ್ಮನೆ ಖಾಲಿ ಬಿಟ್ಟು ಕಾಯಿಸುತ್ತಾನೆ. ಅಷ್ಟು ನುಡಿಸಿ ಬಂದರೂ ಬ್ರೌನ್ ಕಛೇರಿ ಮುಗಿದ ಮೇಲೆ ಕೋಣೆಗೆ ಕರೆಸಿ, ‘ನೀನು ಒಂದರ ಮೇಲೆ ಇರಲಿಲ್ಲ’ ಎಂದು ಪಾಠ ಹೇಳುತ್ತಿದ್ದನಂತೆ. ಬೂಟ್ಸಿಯೇ ಎಷ್ಟೋ ಸಂದರ್ಶನಗಳಲ್ಲಿ ನಗುತ್ತ ಹೇಳಿಕೊಂಡದ್ದು ಇದು. ಮೈಸೂರಿನವನಿಗೆ ಇದನ್ನು ಓದಿ ಹೇಳಿದಾಗ ಅವನು ತನ್ನ ಗುರುಗಳನ್ನು ನೆನೆದು ಎರಡೂ ಕೈ ಮುಗಿದ.

ಇನ್ನು ಕಛೇರಿಯ ವಿಷಯ. ಒಲಿಂಪಿಯಾ ಎಂದರೆ ಪ್ಯಾರಿಸ್ಸಿನ ಕಪುಸಿನ್ ಬೀದಿಯ, ಎರಡು ಸಾವಿರದಷ್ಟು ಜನ ಹಿಡಿಸುವ ಹಳೇ ಸಭಾಂಗಣ. 1893ರಲ್ಲಿ ಶುರುವಾದದ್ದು. ಎಡಿತ್ ಪಿಯಾಫ್ ಹಾಡಿದ ವೇದಿಕೆ. ಅಲ್ಲಿ ನಿರೂಪಕ ಡ್ಯಾನಿ ರೇ ತನ್ನ ನುಣುಪು ದನಿಯಲ್ಲಿ ಬ್ರೌನ್‌ನ ಹೆಸರು ಕೂಗುತ್ತಿದ್ದಂತೆ ತಂಡ ‘ಬ್ರದರ್ ರ‍್ಯಾಪ್’ ಎತ್ತಿಕೊಳ್ಳುತ್ತದೆ. ರೇಡಿಯೋದಲ್ಲಿ ಕೇಳಿದ ಅದೇ ಹಾಡುಗಳು ಇಲ್ಲಿ ಬೇರೆಯೇ ವೇಗದಲ್ಲಿ ಓಡುತ್ತವೆ. ಇದ್ದಕ್ಕಿದ್ದಂತೆ ಎಲ್ಲ ನಿಂತು ‘ಜಾರ್ಜಿಯಾ ಆನ್ ಮೈ ಮೈಂಡ್’ನ ನಿಧಾನ. ಹಳೇ ಹಿಟ್‌ಗಳನ್ನು ಎರಡೆರಡು ನಿಮಿಷಕ್ಕೆ ಮುಗಿಸಿ, ‘ಗಿವ್ ಇಟ್ ಅಪ್ ಆರ್ ಟರ್ನಿಟ್ ಎ ಲೂಸ್’ಗೆ ಬಂದಾಗ ಕ್ಯಾಟ್‌ಫಿಷ್ ಮತ್ತು ‘ಚೀಸ್’ ಮಾರ್ಟಿನ್ ಇಬ್ಬರ ಗಿಟಾರ್ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಇಬ್ಬರು ಡ್ರಮ್ಮರ್‌ಗಳು, ಜಾಬೊ ಸ್ಟಾರ್ಕ್ಸ್ ಮತ್ತು ‘ಟೈಗರ್’ ಮಾರ್ಟಿನ್. ಟ್ರಾಂಬೋನಿನಲ್ಲಿ ಫ್ರೆಡ್ ವೆಸ್ಲಿ.

ಜಾಬೊ ಬಗ್ಗೆ ಒಂದು ಮಾತು. ಅಲಬಾಮಾದ ಸಣ್ಣ ಊರಿನವನು. ಚರ್ಚಿನಲ್ಲಿ ಜನ ಮೈಮರೆತು ಚಪ್ಪಾಳೆ ತಟ್ಟಿ ಕಾಲು ಕುಟ್ಟುವುದನ್ನು ಕೇಳಿಯೇ ತಾಳ ಕಲಿತವನು. ಇವನ ಡ್ರಮ್ಸ್‌ನಲ್ಲಿ ಆಡಂಬರವೇ ಇಲ್ಲ. ಆದರೆ ಅವನು ಒಂದು ಕ್ಷಣ ಕೈ ತೆಗೆದರೆ ಇಡೀ ಕಟ್ಟಡ ಕುಸಿಯುತ್ತದೆ ಅನ್ನಿಸುತ್ತದೆ. ‘ಸೆಕ್ಸ್ ಮಷೀನ್’ ಬರುವ ಹೊತ್ತಿಗೆ ಪ್ಯಾರಿಸ್ಸಿನ ಜನ ಕುರ್ಚಿಯಲ್ಲಿಲ್ಲ ಎಂಬುದು ಸದ್ದಿನಲ್ಲೇ ಗೊತ್ತಾಗುತ್ತದೆ. ಕೊನೆಯಲ್ಲಿ ‘ಸೋಲ್ ಪವರ್’. ಆ ಹಾಡು ಧ್ವನಿಮುದ್ರಣವಾಗಿ ಆಗ ಒಂದೂವರೆ ತಿಂಗಳೂ ಆಗಿರಲಿಲ್ಲ. ಹಾಡಿ ಹಾಡಿ ಸವೆದಿರದ ಹೊಸ ಹಾಡಿಗೆ ಇರುವ ಹಸಿತನ ಅದರಲ್ಲಿದೆ.

ಇಂಥದ್ದನ್ನು ಯಾಕೆ ಇಪ್ಪತ್ತೊಂದು ವರ್ಷ ಮುಚ್ಚಿಟ್ಟರು ಎಂಬುದು ನಮ್ಮ ಮನೆಯ ನಿತ್ಯದ ಚರ್ಚೆಯಾಗಿತ್ತು. ಮೂರು ಎಲ್‌ಪಿಗಳ ಆಲ್ಬಮ್ ಮಾಡಬೇಕೆಂದು ಬ್ರೌನ್ ಎಲ್ಲ ಸಿದ್ಧಪಡಿಸಿದ್ದ. ಆದರೆ ಯುರೋಪಿನ ಪ್ರವಾಸದ ಬೆನ್ನಿಗೇ ಬೂಟ್ಸಿ, ಕ್ಯಾಟ್‌ಫಿಷ್ ತಂಡ ಬಿಟ್ಟರು. ಅದೇ ವರ್ಷ ಬ್ರೌನ್ ಕಿಂಗ್ ಕಂಪನಿಯನ್ನು ಬಿಟ್ಟು ಪಾಲಿಡೋರ್ ಸೇರಿದ. ಹೊಸ ಕಂಪನಿ, ಹೊಸ ತಂಡ. ಬಿಟ್ಟುಹೋದವರ ಕಛೇರಿಯನ್ನು ಮಾರುವುದು ಯಾರಿಗೂ ಬೇಕಿರಲಿಲ್ಲ. ಜುಲೈನಲ್ಲಿ ನ್ಯೂಯಾರ್ಕಿನ ಅಪೊಲೊ ಥಿಯೇಟರಿನಲ್ಲಿ ಹೊಸಬರ ಜತೆ ರೆಕಾರ್ಡ್ ಮಾಡಿದ ‘ರೆವಲ್ಯೂಷನ್ ಆಫ್ ದ ಮೈಂಡ್’ ಡಿಸೆಂಬರ್‌ನಲ್ಲಿ ಅಂಗಡಿಗೆ ಬಂತು. ಪ್ಯಾರಿಸ್ಸಿನ ಟೇಪುಗಳು ಗೋದಾಮು ಸೇರಿದವು. ಸಿನ್ಸಿನಾಟಿಯ ಹುಡುಗರು ಬ್ರೌನ್ ಜತೆ ಇದ್ದದ್ದು ಹೆಚ್ಚುಕಡಿಮೆ ಒಂದು ವರ್ಷ, ಅಷ್ಟೇ. ಆಮೇಲೆ ಬೂಟ್ಸಿ ಜಾರ್ಜ್ ಕ್ಲಿಂಟನ್‌ನ ಪಾರ್ಲಿಮೆಂಟ್-ಫಂಕಡೆಲಿಕ್ ತಂಡ ಸೇರಿ, ನಕ್ಷತ್ರದಾಕಾರದ ಕನ್ನಡಕ ಹಾಕಿ, ತಾನೇ ದೊಡ್ಡ ತಾರೆಯಾದದ್ದು ಬೇರೆ ಕತೆ.

ಒಂದು ಭಾನುವಾರ ಎದುರು ಮನೆಯವರು ನಮ್ಮನ್ನು ತಮ್ಮ ಹಳೇ ಬ್ಯೂಕ್ ಕಾರಿನಲ್ಲಿ ತುಂಬಿಕೊಂಡು ಇವಾನ್‌ಸ್ಟನ್ ಬಡಾವಣೆಗೆ ಕರೆದುಕೊಂಡು ಹೋದರು. ನಮ್ಮ ಮನೆಯಿಂದ ನಾಲ್ಕೈದು ಕಿಲೋಮೀಟರ್. ಹೆದ್ದಾರಿಯ ಪಕ್ಕ ಬ್ರೂಸ್ಟರ್ ಅವೆನ್ಯೂವಿನಲ್ಲಿ ಕಾರು ನಿಲ್ಲಿಸಿ ಒಂದು ಇಟ್ಟಿಗೆ ಕಟ್ಟಡ ತೋರಿಸಿದರು. ಬಣ್ಣ ಹೋದ ಗೋಡೆ, ಸುತ್ತ ಕಳೆ. ಒಂದು ಫಲಕವೂ ಇರಲಿಲ್ಲ. ‘ಇದೇ ಕಿಂಗ್ ರೆಕಾರ್ಡ್ಸ್’ ಎಂದರು.

ಸಿಡ್ ನೇಥನ್ ಎಂಬಾತ 1943ರಲ್ಲಿ ಕಟ್ಟಿದ ಕಂಪನಿ ಅದು. ಒಂದೇ ಸೂರಿನಡಿ ಹಾಡು ಧ್ವನಿಮುದ್ರಿಸಿ, ರೆಕಾರ್ಡ್ ಒತ್ತಿ, ಹೊದಿಕೆ ಮುದ್ರಿಸಿ, ಪೆಟ್ಟಿಗೆ ಕಟ್ಟಿ ಲಾರಿಗೆ ಹಾಕುತ್ತಿದ್ದರು. ಬಿಳಿಯರಿಗೊಂದು ಕರಿಯರಿಗೊಂದು ಬಾಗಿಲು ಇದ್ದ ಕಾಲದಲ್ಲಿ ಅಲ್ಲಿ ಇಬ್ಬರೂ ಅಕ್ಕಪಕ್ಕ ಕೆಲಸ ಮಾಡುತ್ತಿದ್ದರು. ‘ಕೋಲ್ಡ್ ಸ್ವೆಟ್’ ಹುಟ್ಟಿದ್ದು ಅಲ್ಲಿ. 1969ರ ನವೆಂಬರ್ 20ರಂದು ಕ್ಲೈಡ್ ಸ್ಟಬಲ್‌ಫೀಲ್ಡ್ ಎಂಬ ಡ್ರಮ್ಮರ್ ‘ಫಂಕಿ ಡ್ರಮ್ಮರ್’ ಹಾಡಿನ ನಡುವೆ ಒಬ್ಬನೇ ಕೆಲವು ಸೆಕೆಂಡು ನುಡಿಸಿದ್ದೂ ಅಲ್ಲೇ. ನಾವು ಅಲ್ಲಿದ್ದ ವರ್ಷಗಳಲ್ಲಿ ರೇಡಿಯೋ ಹಾಕಿದರೆ ಸಾಕು, ಪಬ್ಲಿಕ್ ಎನಿಮಿಯ ‘ಫೈಟ್ ದ ಪವರ್’ ಇರಲಿ, ಐರ್ಲೆಂಡಿನ ಶಿನೇಡ್ ಓಕಾನರ್ ಹಾಡಿರಲಿ, ಆ ಕೆಲವು ಸೆಕೆಂಡುಗಳ ಡ್ರಮ್ಸೇ ಕೆಳಗೆ ಓಡುತ್ತಿತ್ತು. ಹಾಡಿನ ಕರ್ತೃ ಎಂದು ಹೆಸರು ಬ್ರೌನ್‌ನದು. ಆದ್ದರಿಂದ ಲೋಕವೆಲ್ಲ ಬಳಸಿದ ಆ ತಾಳಕ್ಕೆ ಕ್ಲೈಡ್‌ಗೆ ಹಕ್ಕಿನ ಹಣ ಬರಲಿಲ್ಲ. 2017ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಅವನು ತೀರಿಕೊಂಡಾಗ ಪತ್ರಿಕೆಗಳೆಲ್ಲ ಇದನ್ನೇ ಬರೆದವು.

ಆ ಕಟ್ಟಡದ ಮುಂದೆ ನಿಂತು ನಾವು ಫೋಟೋ ತೆಗೆಸಿಕೊಂಡೆವು. ಅದರಲ್ಲಿ ಎದುರು ಮನೆಯವರು ಮಾತ್ರ ಸೂಟು ಹಾಕಿದ್ದಾರೆ. ನಾವೆಲ್ಲ ಒಂದೇ ಸೇಲ್‌ನಲ್ಲಿ ಕೊಂಡ ಒಂದೇ ಬಣ್ಣದ ಜಾಕೆಟ್ಟುಗಳಲ್ಲಿ ಎನ್‌ಸಿಸಿ ಹುಡುಗರ ಹಾಗಿದ್ದೇವೆ.

ಆ ಸಿಡಿ ಆಮೇಲೆ ನಮ್ಮ ಎಲ್ಲ ಸಮಾರಂಭಗಳಿಗೂ ಬಂತು. ಯುಗಾದಿಯ ಊಟಕ್ಕೆ ಸುತ್ತಲಿನ ಊರುಗಳಿಂದ ಕನ್ನಡದ ಸಂಸಾರಗಳು ಸೇರುತ್ತಿದ್ದವು. ಒಬ್ಬಟ್ಟು, ಕೋಸಂಬರಿ, ಭಾವಗೀತೆ ಎಲ್ಲ ಮುಗಿದು ಹಿರಿಯರು ಸೋಫಾದಲ್ಲಿ ತೂಕಡಿಸುವಾಗ ಹುಬ್ಬಳ್ಳಿಯವನು ಮೆಲ್ಲಗೆ ‘ಸೋಲ್ ಪವರ್’ ಹಾಕುತ್ತಿದ್ದ. ಪಂಚೆ ಎತ್ತಿ ಕಟ್ಟಿ ಅವನು ಕುಣಿದದ್ದನ್ನು ನೋಡಿದವರು ಈಗಲೂ ಅವನನ್ನು ಬ್ರೌನ್ ಗೌಡ್ರು ಎಂದೇ ಕರೆಯುವುದು. ಮಂಗಳೂರಿನಾಕೆ, ಸೌಟಿನಿಂದ ತಾರಸಿ ತಟ್ಟಿದವರೇ, ಒಂದು ಯುಗಾದಿಗೆ ತಾವೂ ನಾಲ್ಕು ಹೆಜ್ಜೆ ಹಾಕಿದರು.

ಕೋರ್ಸು ಮುಗಿಯಿತು, ಮನೆ ಖಾಲಿಯಾಯಿತು. ತೀರ್ಥಹಳ್ಳಿಯವನು ಊರಿಗೇ ಹೋಗಿ ಅಡಕೆ ತೋಟ ನೋಡಿಕೊಂಡ. ಹುಬ್ಬಳ್ಳಿಯವನು ಟೆಕ್ಸಸ್, ಮೈಸೂರಿನವನು ಬೆಂಗಳೂರು. ಎದುರು ಮನೆಯವರಿಂದ ಕ್ರಿಸ್‌ಮಸ್ ಕಾರ್ಡು ಕೆಲವು ವರ್ಷ ಬಂತು, ಆಮೇಲೆ ನಿಂತಿತು. ಜೇಮ್ಸ್ ಬ್ರೌನ್ 2006ರ ಕ್ರಿಸ್‌ಮಸ್ ದಿನವೇ ಹೋದ. ಬಾಬಿ ಬರ್ಡ್ ಮರುವರ್ಷ. ಕ್ಯಾಟ್‌ಫಿಷ್ 2010ರಲ್ಲಿ, ಜಾಬೊ 2018ರಲ್ಲಿ. ಕಿಂಗ್ ಕಟ್ಟಡಕ್ಕೆ 2008ರಲ್ಲಿ ಕಡೆಗೂ ಒಂದು ಸ್ಮಾರಕ ಫಲಕ ಬಂತು. ಕೆಡವುವ ಮಾತು ಬಂದಾಗ 2018ರಲ್ಲಿ ನಗರಾಡಳಿತ ಅದನ್ನು ತನ್ನ ವಶಕ್ಕೆ ಪಡೆದು ಉಳಿಸಿಕೊಂಡಿತು. ಪ್ಯಾರಿಸ್ಸಿನ ಕಛೇರಿ 2014ರಲ್ಲಿ, ಬ್ರೌನ್ ಅಂದು ಬಯಸಿದ್ದ ಹಾಗೆಯೇ ಮೂರು ಎಲ್‌ಪಿಗಳಾಗಿ, ಅವನೇ ಆಗ ಮಾಡಿಸಿದ್ದ ಮಿಶ್ರಣದಲ್ಲಿ ಹೊರಬಂತು. ಹುಬ್ಬಳ್ಳಿಯವನು ತರಿಸಿಕೊಂಡ. ಎಲ್‌ಪಿ ತಿರುಗಿಸುವ ಯಂತ್ರ ಅವನ ಹತ್ತಿರ ಇಲ್ಲ. ‘ಇರ್ಲಿ ಬಿಡು, ಮನ್ಯಾಗ ಇರಬೇಕು’ ಅನ್ನುತ್ತಾನೆ.

ಈ ಕಛೇರಿಯ ಬಗ್ಗೆ ನನ್ನ ತೀರ್ಮಾನ ಇಷ್ಟು. ಹೊದಿಕೆಯ ಮೇಲೆ ದೊಡ್ಡಕ್ಷರದಲ್ಲಿ ಇರುವುದು ಬ್ರೌನ್‌ನ ಹೆಸರು. ಅವನಂಥ ಹಾಡುಗಾರ ಇನ್ನೊಬ್ಬನಿಲ್ಲ, ಅದು ಸರಿ. ಆದರೆ ಅವತ್ತಿನ ರಾತ್ರಿಯನ್ನು ಹೊತ್ತು ನಡೆದವರು ಹಿಂದೆ ನಿಂತಿದ್ದವರು. ಅದರಲ್ಲೂ ಹತ್ತೊಂಬತ್ತು ವರ್ಷದ ಒಬ್ಬ ಹುಡುಗ, ಅಲಬಾಮಾದ ಒಬ್ಬ ಡ್ರಮ್ಮರ್. ಕೇಳುವುದಾದರೆ ಒಂದು ಸಲ ಬ್ರೌನ್‌ನನ್ನು ಕೇಳಿ, ಎರಡನೇ ಸಲ ಅವನನ್ನು ಪೂರ್ತಿ ಮರೆತು ಬೇಸ್ ಒಂದನ್ನೇ ಹಿಡಿದುಕೊಂಡು ಹೋಗಿ. ಒಳ್ಳೆಯ ಹೆಡ್‌ಫೋನ್ ಇದ್ದರೆ ಕಷ್ಟವೇನಲ್ಲ.

ಆ ಸಿಡಿಯ ಪುಸ್ತಿಕೆಯಲ್ಲಿ ತುತ್ತೂರಿಯವರ ತನಕ ಎಲ್ಲರ ಹೆಸರೂ ಅಚ್ಚಾಗಿತ್ತು. ಮೈಸೂರಿನವನು ಅದನ್ನು ನೋಡಿ ತನ್ನ ಶೂ ಡಬ್ಬಿ ತೆಗೆದು, ಕ್ಯಾಸೆಟ್ಟುಗಳ ಮೇಲೆ ಬರೀ ಗಾಯಕರ ಹೆಸರಿದ್ದಲ್ಲೆಲ್ಲ ಪಿಟೀಲು ಯಾರು, ಮೃದಂಗ ಯಾರು, ಘಟ ಯಾರು ಎಂದು ನೆನಪಿದ್ದಷ್ಟನ್ನು ಬರೆಯತೊಡಗಿದ್ದ. ಎಷ್ಟೋ ಕಡೆ ನೆನಪಾಗದೆ ಖಾಲಿ ಉಳಿಯಿತು. ನಿಮ್ಮ ಮನೆಯ ಅಟ್ಟದ ಮೇಲೂ ಅಂಥ ಕ್ಯಾಸೆಟ್ಟುಗಳು ಇರಬಹುದು: ಪೆಂಡಾಲಿನ ಕಛೇರಿ, ಊರ ಯಕ್ಷಗಾನ, ರಾತ್ರಿಯಿಡೀ ನಡೆದ ಭಜನೆ. ಕಾಂತೀಯ ಪಟ್ಟಿ ಎಷ್ಟು ಕಾಲ ಬಾಳೀತು? ಬೂಷ್ಟು ಹಿಡಿಯುವ ಮುನ್ನ ಡಿಜಿಟಲ್‌ಗೆ ಹಾಕಿಸಿ. ಜತೆಗೆ ದಿನ, ಜಾಗ, ಪಕ್ಕವಾದ್ಯದವರ ಹೆಸರು ಇಷ್ಟನ್ನು ತಪ್ಪದೆ ಬರೆದಿಡಿ. ಅವರನ್ನು ಬಲ್ಲವರು ಇನ್ನೂ ಇರುವಾಗಲೇ ಕೇಳಿ ಬರೆದುಕೊಳ್ಳಿ.